ಗೋಡೆ ಇದ್ದವನಿಗೆ ಒಂದು ದರ, ಇಲ್ಲದವನಿಗೆ ಇನ್ನೊಂದು!

ಹಳೇ ದಾವಣಗೆರೆಯ ಒಂದು ವಠಾರ. ಆರು ಮನೆ, ಎರಡು ನಲ್ಲಿ, ಆರೂ ಮನೆಗೆ ಸೇರಿ ಬೆಸ್ಕಾಂನ ಒಂದೇ ಮೀಟರು. ಅದರ ಮೂರನೆಯ ಮನೆಯಲ್ಲಿ ನಮ್ಮ ಗೆಳೆಯರೊಬ್ಬರು ಬಾಡಿಗೆಗಿದ್ದಾರೆ. ತಂದೆ ಹತ್ತಿ ಗಿರಣಿಯಲ್ಲಿ ದುಡಿದು, ಗಿರಣಿ ಬಾಗಿಲು ಹಾಕಿದ ದಿನ ಬರಿಗೈಯಲ್ಲಿ ಮನೆಗೆ ಬಂದವರು. ಮಗ ಊರ ಹೊರಗಿನ ಅಕ್ಕಿ ಗಿರಣಿಯಲ್ಲಿ ಪಾಳಿ ಕೆಲಸಗಾರ. ರಾತ್ರಿ ಪಾಳಿಗೆ ಬಸ್ಸಿಲ್ಲ, ಆಟೋಗೆ ಕೊಟ್ಟರೆ ಅರ್ಧ ಕೂಲಿ ಅಲ್ಲೇ ಹೋಗುತ್ತದೆ. ಪೆಟ್ರೋಲಿನ ಬೆಲೆಗೆ ಹೆದರಿ, ಸಾಲ ಮಾಡಿ, ವಿದ್ಯುತ್ ಸ್ಕೂಟರು ಕೊಂಡರು. ಮೊದಲ ರಾತ್ರಿ ಪಡಸಾಲೆಯ ಪ್ಲಗ್ಗಿಗೆ ಚುಚ್ಚಿ ಮಲಗಿದರು. ಬೆಳಗಾಗುವುದರೊಳಗೆ ಮನೆಯ ಮಾಲೀಕರು ಬಂದು ಪ್ಲಗ್ಗನ್ನು ಕಿತ್ತು ಕೈಯಲ್ಲಿ ಹಿಡಿದು ನಿಂತಿದ್ದರು.

"ನೋಡಪಾ, ನಾ ನಿನಗೆ ಬಾಡಿಗಿಗೆ ಕೊಟ್ಟಿರೋದು ಮನಿ. ಪೆಟ್ರೋಲ್ ಬಂಕ್ ಕೊಟ್ಟಿಲ್ಲ."

"ಸಾಹುಕಾರ್ರೆ, ಸಬ್‌ಮೀಟರು ಐತಲ್ರೀ. ಎಷ್ಟು ಓಡ್ತದೋ ಅಷ್ಟು ಕೊಡ್ತೀನಿ."

"ಕೊಡ್ತೀಯ, ಯೂನಿಟ್ಟಿಗೆ ಹನ್ನೆರಡು ಕೊಡ್ತೀಯ. ತಿಂಗಳಿಗೆ ಐನೂರು ಮೇಲೆ ಕೊಡ್ತೀಯ. ಆಗಾಕಿಲ್ಲಂದ್ರೆ ಬೇರೆ ಮನಿ ನೋಡ್ಕೋ."

ಓದುಗ ಬಂಧುಗಳೆ, ಈ ಮಾತುಕತೆಯಲ್ಲಿ ಹೊಸದೇನಿದೆ? ಏನೂ ಇಲ್ಲ. ಹೊಸದು ಸ್ಕೂಟರು ಮಾತ್ರ. ನೀರಿಗೆ ಇದೇ ಮಾತು ಕೇಳಿದ್ದೇವೆ, ಫ್ಯಾನಿಗೆ ಕೇಳಿದ್ದೇವೆ, ಮಿಕ್ಸಿಗೆ ಕೇಳಿದ್ದೇವೆ. ಆದರೆ ಈ ಸಲದ ವ್ಯತ್ಯಾಸವೊಂದನ್ನು ನಾವೆಲ್ಲರೂ ಕಣ್ಣು ಬಿಟ್ಟು ನೋಡಬೇಕು. ನೀರಿಗಾಗಲಿ ಫ್ಯಾನಿಗಾಗಲಿ ಸರಕಾರ ನಮ್ಮನ್ನು ಒತ್ತಾಯಿಸಿರಲಿಲ್ಲ. ವಿದ್ಯುತ್ ವಾಹನ ಕೊಳ್ಳಿರೆಂದು ಮಾತ್ರ ದಿಲ್ಲಿಯ ಸರಕಾರ, ಬೆಂಗಳೂರಿನ ಸರಕಾರ ಎರಡೂ ಹತ್ತು ವರ್ಷದಿಂದ ಡಂಗುರ ಹೊಡೆದಿವೆ. ಕೇಂದ್ರದ ಮೊದಲ 'ಫೇಮ್' ಯೋಜನೆ 2015ರಲ್ಲಿ ಬಂತು. ಎರಡನೆಯದು 2019ರ ಏಪ್ರಿಲಿನಲ್ಲಿ, ಹತ್ತು ಸಾವಿರ ಕೋಟಿ ರೂಪಾಯಿಯೊಂದಿಗೆ. ಅದರ ನಂತರ 2024ರ ಅಕ್ಟೋಬರಿನಲ್ಲಿ 'ಪಿಎಂ ಇ-ಡ್ರೈವ್', ಹತ್ತು ಸಾವಿರದ ಒಂಬೈನೂರು ಕೋಟಿ. ನಮ್ಮ ರಾಜ್ಯವಂತೂ ವಿದ್ಯುತ್ ವಾಹನಕ್ಕೇ ಒಂದು ನೀತಿ ಮಾಡಿದ ದೇಶದ ಮೊದಲ ರಾಜ್ಯವೆಂದು 2017ರಿಂದ ಬೆನ್ನು ತಟ್ಟಿಕೊಳ್ಳುತ್ತಿದೆ. ಇಷ್ಟು ಕೋಟಿ, ಇಷ್ಟು ನೀತಿ, ಇಷ್ಟು ಭಾಷಣಗಳ ನಡುವೆ ಒಂದು ಸಣ್ಣ ಪ್ರಶ್ನೆಯನ್ನು ಯಾವ ಮಹಾಶಯರೂ ಕೇಳಲಿಲ್ಲ: ಸ್ವಂತ ಗೋಡೆ ಇಲ್ಲದವನು ಈ ಗಾಡಿಯನ್ನು ಎಲ್ಲಿ ಚುಚ್ಚಬೇಕು?

ಲೆಕ್ಕ ಹಾಕೋಣ. ನಮ್ಮ ಓದುಗರಲ್ಲಿ ಅರ್ಧಕ್ಕರ್ಧ ಅಂಗಡಿಯವರು. ಅವರಿಗೆ ಲೆಕ್ಕ ಕಲಿಸುವ ಧೈರ್ಯ ನಮಗಿಲ್ಲ, ಅವರೇ ತಾಳೆ ನೋಡಿಕೊಳ್ಳಲಿ. ಮೂರು ಯೂನಿಟ್ಟಿನ ಬ್ಯಾಟರಿಯ ಸ್ಕೂಟರನ್ನು ಪೂರ್ತಿ ತುಂಬಿಸಲು, ನಷ್ಟವೂ ಸೇರಿ, ಗೋಡೆಯಿಂದ ಮೂರೂವರೆ ಯೂನಿಟ್ ಹೋಗುತ್ತದೆ ಎನ್ನೋಣ. ಅಷ್ಟಕ್ಕೆ ತೊಂಬತ್ತು, ನೂರು ಕಿಲೋಮೀಟರು ಓಡುತ್ತದೆ. ಮನೆಯ ದರವನ್ನು ಸುಮಾರಾಗಿ ಆರು ರೂಪಾಯಿಯೆಂದು ಹಿಡಿದರೆ, ಸ್ವಂತ ಮನೆಯವನಿಗೆ ಒಂದು ತುಂಬುವಿಕೆಗೆ 21 ರೂಪಾಯಿ. ನಮ್ಮ ವಠಾರದ ಗೆಳೆಯರಿಗೆ ಹನ್ನೆರಡರ ದರದಲ್ಲಿ 42. ವಠಾರದಲ್ಲಿ ಬೇಡವೆಂದು ರಸ್ತೆಯ ಚಾರ್ಜಿಂಗ್ ಕೇಂದ್ರಕ್ಕೆ ಹೋದರೆ, ಅಲ್ಲಿ ಯೂನಿಟ್ಟಿಗೆ 18 ರೂಪಾಯಿ ಎಂದಿಟ್ಟುಕೊಂಡು ಅದರ ಮೇಲೆ ತೆರಿಗೆ ಸೇರಿಸಿದರೆ, 74 ರೂಪಾಯಿ. ಅದೇ ಶರಾವತಿಯ ನೀರು, ಅದೇ ರಾಯಚೂರಿನ ಕಲ್ಲಿದ್ದಲು, ಅದೇ ತಂತಿ!

ತೆರಿಗೆ ಎಂದೆವಲ್ಲ, ಅದರ ಕಥೆ ಕೇಳಿ. ಮನೆಗೆ ಬರುವ ವಿದ್ಯುಚ್ಛಕ್ತಿಗೆ ಜಿಎಸ್‌ಟಿ ಇಲ್ಲ. ಹಾಗಾದರೆ ಚಾರ್ಜಿಂಗ್ ಕೇಂದ್ರದಲ್ಲಿ ಮಾರುವ ವಿದ್ಯುಚ್ಛಕ್ತಿಗೂ ಇರಬಾರದಲ್ಲವೆ? ಮೈಸೂರಿನ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ಅಂದರೆ ಸರಕಾರದ್ದೇ ಕಂಪನಿ, ಈ ಪ್ರಶ್ನೆಯನ್ನು ರಾಜ್ಯದ ಜಿಎಸ್‌ಟಿ ಮುಂಗಡ ತೀರ್ಮಾನ ಪ್ರಾಧಿಕಾರದ ಮುಂದೆ ಇಟ್ಟಿತು. 2023ರ ಜುಲೈಯಲ್ಲಿ ಉತ್ತರ ಬಂತು: ಅಲ್ಲಿ ಮಾರುವುದು ವಿದ್ಯುತ್ತಲ್ಲ, 'ಸೇವೆ', ಆದ್ದರಿಂದ ಶೇಕಡ 18 ತೆರಿಗೆ. ಸ್ವಂತ ಗೋಡೆಯ ಪ್ಲಗ್ಗಿನಿಂದ ಬಂದರೆ ಅದು ಕರೆಂಟು; ರಸ್ತೆಯ ಕಂಬದಿಂದ ಬಂದರೆ ಅದು ಸೇವೆ. ಬಂಗಲೆಯವನಿಗೆ ಸೊನ್ನೆ ತೆರಿಗೆ, ವಠಾರದವನಿಗೆ ನೂರಕ್ಕೆ ಹದಿನೆಂಟು! ಪಂಡಿತರು ಕಾನೂನಿನ ಪ್ರಕಾರ ಇದು ಸರಿಯೆಂದು ಹೇಳಬಹುದು. ಸರಿಯಿರಬಹುದು. ಕಾನೂನು ಯಾರ ಮನೆಯಲ್ಲಿ ಕುಳಿತು ಬರೆದದ್ದೆಂಬುದು ಅದರಿಂದ ಇನ್ನಷ್ಟು ಸ್ಪಷ್ಟವಾಗುತ್ತದೆ. ಇದು ನಮ್ಮ ದೇಶದ ಬುದ್ಧಿವಂತಿಕೆ ಮಾತ್ರವೆಂದು ತಿಳಿಯಬೇಡಿ. ಇಂಗ್ಲೆಂಡಿನಲ್ಲಿಯೂ ಮನೆಯ ಕರೆಂಟಿಗೆ ಶೇಕಡ 5, ಬೀದಿಯ ಚಾರ್ಜರಿಗೆ ಶೇಕಡ 20 ತೆರಿಗೆ ಹಾಕಿದ್ದಾರೆ. ಅಲ್ಲಿಯ ಬಾಡಿಗೆದಾರರೂ ಇದೇ ಜಗಳ ಆಡುತ್ತಿದ್ದಾರೆ.

ಸ್ಕೂಟರಿನ ಲೆಕ್ಕ ಸಣ್ಣದಾಯಿತು. ಮಂಡಿಪೇಟೆಗೂ ಚೌಕಿಪೇಟೆಗೂ ಸರಕು ಸಾಗಿಸುವ ವಿದ್ಯುತ್ ಗೂಡ್ಸ್ ಆಟೋ ತೆಗೆದುಕೊಳ್ಳಿ. ದಿನಕ್ಕೆ ಒಂಬತ್ತು ಯೂನಿಟ್, ತಿಂಗಳಿಗೆ 26 ದಿನ ಎಂದರೆ 234 ಯೂನಿಟ್. ಸ್ವಂತ ಮನೆಯಲ್ಲಿ ತುಂಬಿಸಿದರೆ 1,404 ರೂಪಾಯಿ. ಮೇಲೆ ಹೇಳಿದ ರಸ್ತೆಯ ದರದಲ್ಲಿ 4,970. ವ್ಯತ್ಯಾಸ ಮೂರೂವರೆ ಸಾವಿರ. ನಮ್ಮ ಊರಿನ ವಠಾರಗಳಲ್ಲಿ ಅದೊಂದು ಮನೆಯ ಬಾಡಿಗೆ! ಅಂದರೆ ಸ್ವಂತ ಮನೆ ಇಲ್ಲದ ತಪ್ಪಿಗೆ ಚಾಲಕನು ತಿಂಗಳಿಗೆ ಎರಡು ಬಾಡಿಗೆ ಕೊಡುತ್ತಾನೆ, ಒಂದು ತಾನು ಮಲಗುವುದಕ್ಕೆ, ಇನ್ನೊಂದು ಗಾಡಿ ಮಲಗುವುದಕ್ಕೆ.

"ಅಯ್ಯಾ, 74 ರೂಪಾಯಿ ಕೊಟ್ಟರೂ ಪೆಟ್ರೋಲಿಗಿಂತ ಅಗ್ಗವೇ ಅಲ್ಲವೆ?" ಎಂದು ಕೇಳುವವರಿದ್ದಾರೆ. ಹೌದು, ಅಗ್ಗವೇ. ನೂರು ಕಿಲೋಮೀಟರಿಗೆ ಪೆಟ್ರೋಲ್ ಸ್ಕೂಟರು ಇನ್ನೂರಿಪ್ಪತ್ತು ರೂಪಾಯಿ ಕುಡಿಯುತ್ತದೆ. ಆದರೆ ಇದು ಯಾರ ವಾದ, ಗಮನಿಸಿ. ಇದು ಹಳೆಯ ಜಮೀನುದಾರನ ವಾದ! "ಬೆಳೆ ಚೆನ್ನಾಗಿ ಬಂದಿದೆಯಲ್ಲ, ಗೇಣಿ ಜಾಸ್ತಿ ಅಳೆದರೆ ನಿನಗೇನು ನಷ್ಟ?" ಗಾಡಿಯ ಸಾಲ ಕಟ್ಟುವವನು ಕಾರ್ಮಿಕ, ಬ್ಯಾಟರಿ ಸವೆದರೆ ಸಾಯುವವನು ಕಾರ್ಮಿಕ. ಉಳಿತಾಯ ಮಾತ್ರ ಗೋಡೆಯ ಒಡೆಯನಿಗೂ ಕಂಬದ ಕಂಪನಿಗೂ ಹೋಗಬೇಕು.

ಗೇಣಿಯ ಮಾತು ಬಂದಾಗ ಕಾಗೋಡು ನೆನಪಾಗದೆ ಇರುವುದಿಲ್ಲ. 1951ರ ಏಪ್ರಿಲಿನಲ್ಲಿ ಸಾಗರ ತಾಲ್ಲೂಕಿನ ಆ ಹಳ್ಳಿಯಲ್ಲಿ ದೀವರ ಗೇಣಿದಾರರು ಎದ್ದು ನಿಂತದ್ದಕ್ಕೆ ಮುಖ್ಯ ಕಾರಣಗಳಲ್ಲೊಂದು ಕೊಳಗ. ಗೇಣಿ ಅಳೆದುಕೊಳ್ಳುವಾಗ ಧಣಿಗಳು ಬಳಸುತ್ತಿದ್ದ ಕೊಳಗದ ಅಳತೆಯ ಬಗ್ಗೆ ತಕರಾರು. ಗಣಪತಿಯಪ್ಪನವರು ಕಟ್ಟಿದ ರೈತ ಸಂಘ, ಅದರ ಬೆನ್ನಿಗೆ ಬಂದು ನಿಂತ ಸಮಾಜವಾದಿ ಪಕ್ಷ, ಗೋಪಾಲಗೌಡರು, ಜೂನಿನಲ್ಲಿ ಅಲ್ಲಿಗೆ ಬಂದು ಬಂಧನಕ್ಕೊಳಗಾದ ಲೋಹಿಯಾ, ಇವೆಲ್ಲ ನಮ್ಮ ಓದುಗರಿಗೆ ಗೊತ್ತಿರುವ ಸಂಗತಿ. ಅಂದು ಧಣಿಯ ಅಂಗಳದಲ್ಲಿ ಧಣಿಯ ಕೊಳಗ. ಇಂದು ಮಾಲೀಕನ ಗೋಡೆಯಲ್ಲಿ ಮಾಲೀಕನೇ ಕೊಂಡು ತಂದು ಮಾಲೀಕನೇ ಜೋಡಿಸಿದ ಸಬ್‌ಮೀಟರು. ಅದನ್ನು ಯಾರು ಪರೀಕ್ಷಿಸಿದರು? ಯೂನಿಟ್ಟಿಗೆ ಹನ್ನೆರಡೆಂದು ಯಾರು ಗೊತ್ತುಮಾಡಿದರು? ಸೇರು ತೂಕದಲ್ಲಿ ಒಂದು ಗುಂಜಿ ವ್ಯತ್ಯಾಸವಾದರೆ ಅಂಗಡಿಯವನ ತಕ್ಕಡಿಯನ್ನು ಹೊತ್ತೊಯ್ಯುವ ತೂಕ ಅಳತೆಯ ಇಲಾಖೆ ಈ ಕೊಳಗವನ್ನು ನೋಡಲು ಒಂದು ದಿನವಾದರೂ ವಠಾರಕ್ಕೆ ಬಂದದ್ದುಂಟೆ?

ಇನ್ನು ಗೃಹಜ್ಯೋತಿ. ರಾಜ್ಯ ಸರಕಾರ 2023ರಲ್ಲಿ ತಂದ ಈ ಯೋಜನೆಯನ್ನು ನಾವು ಸ್ವಾಗತಿಸಿದ್ದೇವೆ, ಈಗಲೂ ಹಳಿಯುವುದಿಲ್ಲ. ಆದರೆ ಅದರ ಹೊಲಿಗೆಯನ್ನು ಬಿಚ್ಚಿ ನೋಡಿ. ಇನ್ನೂರು ಯೂನಿಟ್ ಎಲ್ಲರಿಗೂ ಉಚಿತವೆಂದು ಜನ ತಿಳಿದಿದ್ದಾರೆ. ನಿಯಮ ಹಾಗಿಲ್ಲ. 2022-23ರಲ್ಲಿ ನೀವು ಸರಾಸರಿ ಎಷ್ಟು ಬಳಸಿದ್ದಿರೋ ಅದರ ಮೇಲೆ ಶೇಕಡ ಹತ್ತು ಸೇರಿಸಿ ಅಷ್ಟೇ ಉಚಿತ. ತೀರ ಕಡಿಮೆ ಬಳಸುವವರಿಗೆ ಹತ್ತು ಯೂನಿಟ್ ಹೆಚ್ಚು ಕೊಡುವುದೆಂದು 2024ರ ಜನವರಿಯಲ್ಲಿ ತಿದ್ದಿದರು. ಆದ್ದರಿಂದ 40 ಯೂನಿಟ್ ಸುಡುತ್ತಿದ್ದ ಬಡವನಿಗೆ 50 ಉಚಿತ. 180 ಸುಡುತ್ತಿದ್ದ ಸ್ಥಿತಿವಂತನಿಗೆ 198 ಉಚಿತ. ಇದ್ದವನಿಗೆ ಹೆಚ್ಚು, ಇಲ್ಲದವನಿಗೆ ಕಡಿಮೆ!

ಈಗ ಈ ಮನೆಗಳಿಗೆ ಸ್ಕೂಟರು ಬಂದಿತೆನ್ನೋಣ. ತಿಂಗಳಿಗೆ ಹನ್ನೆರಡು ಸಲ ತುಂಬಿಸಿದರೆ 42 ಯೂನಿಟ್. ನಲವತ್ತರವನು 82ಕ್ಕೆ ಏರಿ, ಹೆಚ್ಚಾದ 32ಕ್ಕೆ ಹಣ ಕಟ್ಟುತ್ತಾನೆ, ಹೋಗಲಿ. ಆದರೆ ತಂದೆ ತಾಯಿ, ಅಣ್ಣ ತಮ್ಮಂದಿರು ಒಂದೇ ಮನೆಯಲ್ಲಿರುವ, 170 ಯೂನಿಟ್ ಬಳಸುವ ತುಂಬು ಕುಟುಂಬ ಏನಾಗುತ್ತದೆ? 212. ಇನ್ನೂರು ದಾಟಿದರೆ ಉಚಿತ ಪೂರ್ತಿ ಹೋಯಿತು. ಮೊದಲ ಯೂನಿಟ್ಟಿನಿಂದ ಹಣ. ಆರರ ದರದಲ್ಲಿ 1,272 ರೂಪಾಯಿ, ನಿಗದಿ ಶುಲ್ಕ ಬೇರೆ. ಇನ್ನೂರೈವತ್ತು ರೂಪಾಯಿಯ ಕರೆಂಟನ್ನು ಸ್ಕೂಟರಿಗೆ ಕುಡಿಸಿದ ತಪ್ಪಿಗೆ ಸಾವಿರದ ಮೇಲೆ ದಂಡ! ಆರು ಮನೆಗೆ ಒಂದೇ ಮೀಟರಿರುವ ವಠಾರ ಮೊದಲೇ ಇನ್ನೂರು ದಾಟಿರುತ್ತದೆ. ಆ ಆರು ಕುಟುಂಬಗಳ ಪಾಲಿಗೆ ಗೃಹಜ್ಯೋತಿ ಎಂದೂ ಹೊತ್ತಿಕೊಳ್ಳಲೇ ಇಲ್ಲ.

ಸ್ವಂತ ಮನೆಯವರಿಗೆ ಇದರಿಂದ ಪಾರಾಗುವ ದಾರಿಯಿದೆ, ಅದೂ ಕಾನೂನಿನ ದಾರಿ. ಕೇಂದ್ರ ಸರಕಾರ 2024ರ ಫೆಬ್ರವರಿಯಲ್ಲಿ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳನ್ನು ತಿದ್ದಿ, ವಾಹನ ಚಾರ್ಜ್ ಮಾಡಲು ಬೇರೆ ಸಂಪರ್ಕ ಕೇಳಿದರೆ ಕೊಡಬೇಕೆಂದು ಹೇಳಿತು. ಪುರಸಭೆ, ನಗರಸಭೆಯ ಊರುಗಳಲ್ಲಿ ಏಳು ದಿನದೊಳಗೆ ಹೊಸ ಸಂಪರ್ಕ ಕೊಡಬೇಕೆಂದೂ ಅದೇ ನಿಯಮ. ಶೆಡ್ಡಿರುವವನು ಶೆಡ್ಡಿನಲ್ಲಿ ಕಾರಿಗೊಂದು ಮೀಟರು ಹಾಕಿಸುತ್ತಾನೆ; ಮನೆಯ ಮೀಟರು ಇನ್ನೂರರ ಒಳಗೇ ಉಳಿದು ಉಚಿತವೂ ಉಳಿಯುತ್ತದೆ. ಅವನನ್ನು ನಾವು ದೂರುವುದಿಲ್ಲ, ನಿಯಮವಿದೆ, ಬಳಸುತ್ತಾನೆ. ಅದೇ ನಿಯಮವನ್ನು ಹಿಡಿದು ನಮ್ಮ ಗೆಳೆಯರು ವಿದ್ಯುತ್ ಕಚೇರಿಗೆ ಹೋದರೆ ಕೇಳುವುದೇನು? "ಮಾಲೀಕರ ಒಪ್ಪಿಗೆ ಪತ್ರ ಎಲ್ಲಿ?" ಯಾವ ಮಾಲೀಕ ಪ್ಲಗ್ಗು ಕಿತ್ತನೋ ಆ ಮಾಲೀಕನ ಒಪ್ಪಿಗೆ! ಅದರ ಜೊತೆಗೆ ಸ್ಮಾರ್ಟ್ ಮೀಟರಿನ ಹೊರೆ. 2025ರಲ್ಲಿ ಹೊಸ ಸಂಪರ್ಕಕ್ಕೆ ಅದನ್ನು ಕಡ್ಡಾಯ ಮಾಡಿದಾಗ ಸಿಂಗಲ್ ಫೇಸ್ ಮೀಟರಿಗೆ ಗ್ರಾಹಕನಿಂದ ಕೇಳಿದ್ದು ಹತ್ತಿರ ಹತ್ತಿರ ಐದು ಸಾವಿರ ರೂಪಾಯಿ.

ಇಲ್ಲಿ ಒಂದು ಮಾತನ್ನು ದಪ್ಪ ಅಕ್ಷರದಲ್ಲಿ ಬರೆದಿಟ್ಟುಕೊಳ್ಳಿ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 43ನೆಯ ಕಲಮು, ಕಟ್ಟಡದ 'ಮಾಲೀಕ ಅಥವಾ ವಾಸವಿರುವವನು' ಅರ್ಜಿ ಕೊಟ್ಟರೆ ವಿದ್ಯುತ್ ಕೊಡುವುದು ಕಂಪನಿಯ ಕರ್ತವ್ಯವೆಂದು ಹೇಳುತ್ತದೆ. ವಾಸವಿರುವವನು! 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಬಾಡಿಗೆದಾರನೊಬ್ಬನ ಮೊಕದ್ದಮೆಯಲ್ಲಿ, ವಿದ್ಯುತ್ತು ಮೂಲಭೂತ ಸೌಕರ್ಯವೆಂದೂ ಮಾಲೀಕ ಒಪ್ಪಿಗೆ ಪತ್ರ ಕೊಡಲಿಲ್ಲವೆಂಬ ಕಾರಣಕ್ಕೆ ಬಾಡಿಗೆದಾರನಿಗೆ ಅದನ್ನು ನಿರಾಕರಿಸುವಂತಿಲ್ಲವೆಂದೂ ಹೇಳಿದೆ. ವಾಸವಿದ್ದಾನೆಯೇ ಎಂದು ಮಾತ್ರ ಕಂಪನಿ ನೋಡಿದರೆ ಸಾಕು. ಕಾಯ್ದೆಯೂ ನಮ್ಮ ಕಡೆ, ತೀರ್ಪೂ ನಮ್ಮ ಕಡೆ. ಕಿಟಕಿಯ ಹಿಂದಿನ ಗುಮಾಸ್ತೆಯ ಕೈಯಲ್ಲಿರುವ ಪಟ್ಟಿ ಮಾತ್ರ ಮಾಲೀಕನ ಕಡೆ. ಬಾಡಿಗೆ ಕಾಯ್ದೆಯ ಆಸರೆ ಹುಡುಕೋಣವೆಂದರೆ, 1999ರ ಕರ್ನಾಟಕ ಬಾಡಿಗೆ ಕಾಯ್ದೆಯಲ್ಲಿ ಅಗತ್ಯ ಸೌಕರ್ಯ ಕಡಿಯಬಾರದೆಂಬ ವಿಧಿಯೇನೋ ಇದೆ. ಆದರೆ ಬಾಡಿಗೆ ದೊಡ್ಡ ಊರುಗಳಲ್ಲಿ 3,500, ಉಳಿದೆಡೆ 2,000 ರೂಪಾಯಿ ಮೀರಿದ ಕಟ್ಟಡಕ್ಕೆ ಆ ಕಾಯ್ದೆಯೇ ಅನ್ವಯವಿಲ್ಲ. ಎರಡು ಸಾವಿರಕ್ಕೆ ಮನೆ ಎಲ್ಲಿದೆಯೆಂದು ವಿಧಾನಸೌಧದವರು ಒಂದು ಬೋರ್ಡು ಹಾಕಿ ತೋರಿಸಲಿ, ನಾಳೆಯೇ ಸಾಲು ನಿಲ್ಲುತ್ತೇವೆ.

ಬೇರೆ ದೇಶಗಳಲ್ಲಿ ಇದಕ್ಕೆ ದಾರಿ ಹುಡುಕಿದ್ದಾರೆ. ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದಲ್ಲಿ, ಅದೇನು ಸಮಾಜವಾದಿಗಳ ರಾಜ್ಯವಲ್ಲ, 2015ರ ಜುಲೈಯಿಂದ ಬಾಡಿಗೆದಾರ ತನ್ನ ಖರ್ಚಿನಲ್ಲಿ ಚಾರ್ಜರು ಹಾಕಿಸಿಕೊಳ್ಳುತ್ತೇನೆಂದು ಬರೆದು ಕೇಳಿದರೆ ಮಾಲೀಕ, ಕೆಲವು ಕಟ್ಟಡಗಳನ್ನು ಬಿಟ್ಟು, ಒಪ್ಪಲೇಬೇಕೆಂಬ ಕಾನೂನಿದೆ. ಜರ್ಮನಿಯಲ್ಲಿ 2020ರ ಡಿಸೆಂಬರಿನಿಂದ ಬಾಡಿಗೆದಾರನಿಗೆ ಇಂಥದೇ ಹಕ್ಕು. ಬಂಡವಾಳಶಾಹಿ ದೇಶಗಳಲ್ಲಿ ಬಾಡಿಗೆದಾರನಿಗೆ ಸಿಕ್ಕ ಪ್ಲಗ್ಗು 'ಗರೀಬರ ಕಲ್ಯಾಣ'ದ ದೇಶದಲ್ಲಿ ಏಕೆ ಸಿಗುವುದಿಲ್ಲ?

ಮಾಲೀಕರ ಮಾತನ್ನೂ ಕೇಳಬೇಕು. ಈ ಪತ್ರಿಕೆಯ ಚಂದಾದಾರರಲ್ಲಿ ಅಂಗಡಿಯ ಹಿಂದೆ ಎರಡು ಮನೆ ಬಾಡಿಗೆಗೆ ಕೊಟ್ಟವರಿದ್ದಾರೆ. ಅವರು ನಮ್ಮ ಶತ್ರುಗಳಲ್ಲ. ಅವರ ಭಯ ಬೆಂಕಿಯದು. ಆ ಭಯ ಸುಳ್ಳಲ್ಲ. 2022ರ ಸೆಪ್ಟೆಂಬರಿನಲ್ಲಿ ಸಿಕಂದರಾಬಾದಿನ ಒಂದು ಕಟ್ಟಡದಲ್ಲಿ ಕೆಳಗಿನ ವಿದ್ಯುತ್ ಸ್ಕೂಟರ್ ಅಂಗಡಿಯಿಂದ ಎದ್ದ ಬೆಂಕಿ ಹೊಗೆಗೆ ಮೇಲಿನ ವಸತಿಗೃಹದಲ್ಲಿದ್ದ ಎಂಟು ಮಂದಿ ಸತ್ತರು. ಅದರ ನಂತರ ಬ್ಯಾಟರಿಯ ಪರೀಕ್ಷೆಯ ನಿಯಮಗಳನ್ನು ಬಿಗಿ ಮಾಡಿದರು. ಆದರೆ ವಠಾರದಲ್ಲಿ ಬೆಂಕಿಯನ್ನು ಕರೆಯುವುದು ಏನು? ಪ್ಲಗ್ಗು ಕೊಡುವುದಲ್ಲ, ಕೊಡದೆ ಇರುವುದು! ನ್ಯಾಯವಾಗಿ ಪ್ಲಗ್ಗು ಸಿಗದವನು ಕಿಟಕಿಯಿಂದ ಸಣ್ಣ ಎಕ್ಸ್‌ಟೆನ್ಷನ್ ವೈರು ಎಳೆಯುತ್ತಾನೆ, ಅರ್ತಿಂಗ್ ಇಲ್ಲದ ಹಳೆಯ ಐದು ಆಂಪಿಯರ್ ಪ್ಲಗ್ಗಿಗೆ ಚುಚ್ಚುತ್ತಾನೆ, ಮಾಲೀಕನಿಗೆ ಕಾಣದಂತೆ ಬ್ಯಾಟರಿ ಬಿಚ್ಚಿ ತಂದು ಮಕ್ಕಳು ಮಲಗುವ ಕೋಣೆಯಲ್ಲಿ ಚಾರ್ಜಿಗಿಡುತ್ತಾನೆ. ನಮ್ಮ ಕಾರ್ಮಿಕ ಬಂಧುಗಳಿಗೂ ಖಂಡಿತವಾಗಿ ಹೇಳುತ್ತೇವೆ: ಇದನ್ನು ನಿಲ್ಲಿಸಿ. ಮೀಟರ್ ಬೋರ್ಡಿನಿಂದ ಗಾಡಿಗೆಂದೇ ಬೇರೆ ಲೈನು ಎಳೆಸಬೇಕು, ನಾಲ್ಕು ಚದರ ಮಿಲಿಮೀಟರಿನ ತಾಮ್ರದ ವೈರು, ಹದಿನಾರು ಆಂಪಿಯರ್ ಸಾಕೆಟ್ಟು, ಅದಕ್ಕೊಂದು ಎಂಸಿಬಿ, ಮೂವತ್ತು ಮಿಲಿಆಂಪಿಯರಿನ ಆರ್‌ಸಿಸಿಬಿ, ನಿಜವಾದ ಅರ್ತಿಂಗ್. ಸ್ಕೂಟರಿಗೆ ಇಷ್ಟು ಸಾಕು. ಗೂಡ್ಸ್ ಆಟೋಗೂ ಹೆಚ್ಚುಕಡಿಮೆ ಇದೇ. ಕಾರಿನವರು ಗೋಡೆಗೆ ತೂಗುಹಾಕುವ ಏಳು ಕಿಲೋವಾಟಿನ ದೊಡ್ಡ ಪೆಟ್ಟಿಗೆಗೆ ಮಂಜೂರಾದ ಲೋಡು ಹೆಚ್ಚಿಸಬೇಕು, ದಪ್ಪ ವೈರು ಬೇಕು. ಅದು ನಮ್ಮ ಪ್ರಶ್ನೆಯಲ್ಲ. ಲೈಸೆನ್ಸ್ ಇರುವ ಎಲೆಕ್ಟ್ರೀಷಿಯನ್ ಒಂದು ದಿನದಲ್ಲಿ ಮಾಡುವ ಕೆಲಸ. ಖರ್ಚು ಬಾಡಿಗೆದಾರ ಕೊಡಲಿ, ಮನೆ ಬಿಡುವಾಗ ಲೈನನ್ನು ಗೋಡೆಯಲ್ಲೇ ಬಿಟ್ಟುಹೋಗಲಿ. ಮಾಲೀಕನ ಮನೆಗೆ ಲಾಭವೇ ಹೊರತು ನಷ್ಟವೇನು?

ಚಾರ್ಜರಿನ ಮಾತಿನಲ್ಲಿ ಕಂಪನಿಗಳ ಕೈಚಳಕವನ್ನೂ ಮರೆಯಬಾರದು. ಒಂದೂವರೆ ಲಕ್ಷ ರೂಪಾಯಿಯ ಮೇಲಿನ ಸ್ಕೂಟರಿಗೆ ಫೇಮ್ ಸಹಾಯಧನವಿಲ್ಲವೆಂಬ ನಿಯಮವಿತ್ತು. ಕೆಲವು ಕಂಪನಿಗಳು ಏನು ಮಾಡಿದವು? ಸ್ಕೂಟರಿನ ಬೆಲೆಯನ್ನು ಗೆರೆಯ ಒಳಗೆ ತೋರಿಸಿ, ಚಾರ್ಜರನ್ನು 'ಬೇರೆ ಸಾಮಾನು' ಎಂದು ಬೇರೆ ಬಿಲ್ಲಿನಲ್ಲಿ ಗಿರಾಕಿಯ ಕೊರಳಿಗೆ ಕಟ್ಟಿದವು. ಚಾರ್ಜರಿಲ್ಲದ ವಿದ್ಯುತ್ ಸ್ಕೂಟರು ಎಂದರೆ ಚಕ್ರವಿಲ್ಲದ ಎತ್ತಿನಗಾಡಿ! ತನಿಖೆಯಾಗಿ, ಸರಕಾರ ಗದರಿಸಿ, 2023ರಲ್ಲಿ ನಾಲ್ಕು ಕಂಪನಿಗಳು ಚಾರ್ಜರಿನ ಹಣವನ್ನು ಗಿರಾಕಿಗಳಿಗೆ ವಾಪಸು ಕೊಡಲು ಒಪ್ಪಿದವು. ಕಾರು ಕೊಂಡವರಿಗೋ, 2019ರ ಏಪ್ರಿಲಿನಿಂದ 2023ರ ಮಾರ್ಚಿನವರೆಗೆ ಮಂಜೂರಾದ ಸಾಲವಾದರೆ ವರ್ಷಕ್ಕೆ ಒಂದೂವರೆ ಲಕ್ಷದವರೆಗಿನ ಬಡ್ಡಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ. ಆದಾಯ ತೆರಿಗೆ ಕಟ್ಟುವಷ್ಟು ಕೂಲಿ ಯಾವ ಅಕ್ಕಿ ಗಿರಣಿಯಲ್ಲಿ ಕೊಡುತ್ತಾರೆ, ನಮಗೂ ತಿಳಿಸಿ.

ಈ ನಾಡಿನ ವಿದ್ಯುತ್ತಿನ ಚರಿತ್ರೆಯೇ ಹೀಗಿದೆ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು ನಡುವಿನ ಊರುಗಳ ತಲೆಯ ಮೇಲೆ ಹಾದು ಕೋಲಾರದ ಇಂಗ್ಲಿಷ್ ಕಂಪನಿಗಳ ಚಿನ್ನದ ಗಣಿಗೆ ಹೋಯಿತು. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ. ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಕಟ್ಟಿ 1964ರಲ್ಲಿ ನೀರು ನಿಲ್ಲಿಸಿದಾಗ ಮುಳುಗಿದ ಹಳ್ಳಿಯವರು ಕತ್ತಲೆಯ ಕಾಡಿನಲ್ಲಿ ಗುಡಿಸಲು ಹಾಕಿದರು. ತಂತಿ ಮೊದಲು ಹಣದ ಕಡೆಗೆ ಹೋಗುತ್ತದೆ. ಜನರ ಕಡೆಗೆ ಬರಬೇಕಾದರೆ ಎಳೆಯಬೇಕು.

ನಾವು ಕೇಳುವುದು ಹೆಚ್ಚೇನಲ್ಲ. ವಾಸದ ಪುರಾವೆ ತೋರಿಸಿದ ಬಾಡಿಗೆದಾರನಿಗೆ ಮಾಲೀಕನ ಒಪ್ಪಿಗೆ ಪತ್ರ ಕೇಳದೆ ಮೀಟರು ಕೊಡಬೇಕು, ಸುಪ್ರೀಂ ಕೋರ್ಟಿನ ಮಾತನ್ನು ಕಚೇರಿಯ ಕಿಟಕಿಯ ಮೇಲೆ ಕನ್ನಡದಲ್ಲಿ ಬರೆದು ಅಂಟಿಸಬೇಕು. ಸ್ಕೂಟರು, ಆಟೋ ಚಾರ್ಜಿನ ಯೂನಿಟ್ಟನ್ನು ಗೃಹಜ್ಯೋತಿಯ ಇನ್ನೂರರಲ್ಲಿ ಸೇರಿಸಬಾರದು. ಸಬ್‌ಮೀಟರಿನ ದರ ಬೆಸ್ಕಾಂ ದರವನ್ನು ಮೀರಕೂಡದು. ಬೀದಿಯ ಚಾರ್ಜರಿನ ಮೇಲಿನ ಹದಿನೆಂಟು ಹೋಗಲೇಬೇಕು. ಜಿಎಸ್‌ಟಿ ಮಂಡಳಿಯಲ್ಲಿ ನಮ್ಮ ರಾಜ್ಯದ ಮಂತ್ರಿಯೂ ಕುಳಿತುಕೊಳ್ಳುತ್ತಾರೆ, ಅಲ್ಲಿ ಬಾಯಿ ಬಿಡಲಿ. ಇವೆಲ್ಲಕ್ಕಿಂತ ಬೇಗ ಆಗಬಹುದಾದ ಕೆಲಸ ಮಹಾನಗರ ಪಾಲಿಕೆಯದು. ಸಂತೆ ಮೈದಾನ, ತರಕಾರಿ ಮಾರುಕಟ್ಟೆ, ಗೂಡ್ಸ್ ಆಟೋ ಸ್ಟ್ಯಾಂಡು, ಮಂಡಕ್ಕಿ ಭಟ್ಟಿಯ ಬೀದಿ, ಇಲ್ಲೆಲ್ಲ ನೆರಳಿನ ಶೆಡ್ಡು ಕಟ್ಟಿ ಹತ್ತಿಪ್ಪತ್ತು ಸಾದಾ ಸಾಕೆಟ್ಟುಗಳನ್ನು ಕೂರಿಸಿ ಮನೆಯ ದರಕ್ಕೇ ಕೊಡಲಿ. ಅದನ್ನು ಕಂಪನಿಗೆ ಗುತ್ತಿಗೆ ಕೊಟ್ಟರೆ ಮತ್ತೆ ಹದಿನೆಂಟು, ಇಪ್ಪತ್ತರ ದರ ಬರುತ್ತದೆ, ಪಾಲಿಕೆಯೇ ನಡೆಸಬೇಕು.

ನಮ್ಮ ವಠಾರದ ಗೆಳೆಯರು ಈಗ ಗಿರಣಿಯ ವಾಚ್‌ಮನ್ ಕೋಣೆಯ ಪ್ಲಗ್ಗಿನಲ್ಲಿ, ಮೇಸ್ತ್ರಿಯ ಕಣ್ಣು ತಪ್ಪಿಸಿ, ಗಾಡಿ ತುಂಬಿಸಿಕೊಳ್ಳುತ್ತಿದ್ದಾರೆ. 43ನೆಯ ಕಲಮಿನ ಕೆಳಗೆ ಅವರ ಅರ್ಜಿಯನ್ನು ಪಕ್ಷದ ಕಚೇರಿಯಲ್ಲಿ ಬರೆದು ಸಿದ್ಧ ಮಾಡಲಾಗಿದೆ. ಸೋಮವಾರ ಬೆಳಗ್ಗೆ ಹತ್ತೂವರೆಗೆ ಅದನ್ನು ಹಿಡಿದು ವಿದ್ಯುತ್ ಕಚೇರಿಗೆ ಹೋಗುತ್ತೇವೆ. ಇದೇ ತೊಂದರೆಯಲ್ಲಿರುವವರು ಬಾಡಿಗೆ ಕರಾರು, ಆಧಾರ್ ಚೀಟಿಯ ಪ್ರತಿ, ಮಾಲೀಕರಿಗೆ ಕರೆಂಟಿನ ಹಣ ಕೊಟ್ಟ ರಸೀದಿ ಇದ್ದರೆ ಅದನ್ನೂ ತೆಗೆದುಕೊಂಡು ಭಾನುವಾರ ಸಂಜೆಯೊಳಗೆ ಕಚೇರಿಗೆ ಬರಬೇಕು. ರಸೀದಿ ಕೊಡುವುದಿಲ್ಲವೆಂದ ಮಾಲೀಕರ ಮಾತನ್ನು ತಾರೀಖು ಹಾಕಿ ಒಂದು ಹಾಳೆಯಲ್ಲಿ ಬರೆದು ತಂದರೂ ಸಾಕು.